ನಲವತ್ತು ಕೀಲಿಗೆ ಐದು ಕೀಲಿಕೈ

ಮೂಡಲಗಿ
೯ ಫೆಬ್ರುವರಿ ೧೯೩೮

ಹುಕ್ಕೇರಿಯವರಿಗೆ ರಾಜಮತಿಯ ಜಯ ಜಿನೇಂದ್ರ.

ನಾನೂ ಹೊಟ್ಟೆಯಲ್ಲಿರುವ ಕೂಸೂ ನೆಟ್ಟಗಿದ್ದೇವೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಮುಂದಿನದನ್ನು ಓದುವಾಗ ನಿಮಗೆ ಆ ಚಿಂತೆ ಬೇರೆ ಬೇಡ. ನಿನ್ನೆ ಅಣ್ಣನನ್ನು ಪೊಲೀಸ್ ಚೌಕಿಗೆ ಕರೆದೊಯ್ದರು. ಶೆಟ್ಟೆಪ್ಪನವರ ಹತ್ತಿ ಕದ್ದನೆಂದು.

ಶನಿವಾರ ಅಣ್ಣ ಶೆಟ್ಟೆಪ್ಪನವರ ಲಾರಿಗೆ ಹಿಂಗಾಡಿ ಕಟ್ಟಿಕೊಂಡು, ಎರಡರಲ್ಲೂ ಹತ್ತಿಯ ಅಂಡಿಗೆ ತುಂಬಿ, ಗೋಕಾಕ ರೋಡ ಸ್ಟೇಶನ್ನಿಗೆ ಹೊರಟಿದ್ದ. ನಾಗನೂರ ದಾಟಿ ಹಳ್ಳ ಇಳಿದು ಹತ್ತುವಲ್ಲಿ ಲಾರಿ ಎರಡು ಭಾರ ಎಳೆಯುವುದಿಲ್ಲವೆಂಬುದು ನಿಮಗೆ ಗೊತ್ತು. ಎಂದಿನಂತೆ ಹಿಂಗಾಡಿಯನ್ನು ಕೊಂಡಿಯಿಂದ ಬಿಚ್ಚಿ ಏರಿನ ಬುಡದಲ್ಲಿ ನಿಲ್ಲಿಸಿದ. ಗಾಲಿಗೆ ಕಲ್ಲು ಕೊಟ್ಟ. ಕೊಂಡಿ ಸಿಗಿಸುವ ಮೂತಿಯ ಬಳೆಗೆ ನೀವು ಮಾಡಿಕೊಟ್ಟ ಮುಷ್ಟಿ ಕೀಲಿ ಹಾಕಿದ. ಲಾರಿಯನ್ನು ಸ್ಟೇಶನ್ನಿಗೆ ಒಯ್ದು, ಇಳಿಸಿ, ಮರಳಿ ಬಂದಾಗ ಮಧ್ಯಾಹ್ನ. ಹಿಂಗಾಡಿ ಇರಲಿಲ್ಲ. ಕೀಲಿ ನೆಲದ ಮೇಲೆ ಬಾಯಿ ತೆರೆದು ಬಿದ್ದಿತ್ತು. ಅದರ ಮೇಲೆ ಒಂದು ಗೀರೂ ಇರಲಿಲ್ಲ.

ಹಾಡಹಗಲು ಯಾರೋ ಆ ಬಳೆಗೆ ಸರಪಳಿ ಹಾಕಿ ಎತ್ತು ಹೂಡಿ ಎಳೆದುಕೊಂಡು ಹೋಗಿದ್ದಾರೆ. ನೋಡಿದವರೂ ಇದ್ದಾರೆ. ಶೆಟ್ಟೆಪ್ಪನವರ ಆಳುಗಳೇ ಇರಬೇಕೆಂದುಕೊಂಡು ಸುಮ್ಮನೆ ಹೋದರಂತೆ. ಮುಂಚೆ ಅಲ್ಲಿ ಕಾವಲಿಗೆ ಒಬ್ಬ ಮುದುಕ ಕೂಡುತ್ತಿದ್ದ. ನಿಮ್ಮ ಕೀಲಿ ಬಂದ ಮೇಲೆ ಶೆಟ್ಟೆಪ್ಪನವರು ಅವನನ್ನು ಬಿಡಿಸಿದ್ದರು. ಮೂರನೆಯ ದಿನ ಖಾಲಿ ಹಿಂಗಾಡಿ ಹಳ್ಳದ ಕೆಳಗಡೆ ಸಿಕ್ಕಿತು, ಅಂಡಿಗೆ ಸಿಗಲಿಲ್ಲ.

ಶೆಟ್ಟೆಪ್ಪನವರು ನಮ್ಮ ಅಂಗಳಕ್ಕೆ ಬಂದು ನಿಂತು ಅವ್ವನಿಗೆ ಹೇಳಿದ ಮಾತು ಇದು: "ನೋಡ ಜಿನ್ನವ್ವ, ಕೀಲಿ ಒಡದಿಲ್ಲ. ಕೀಲಿಕೈ ಹಾಕಿ ತಗದಾರ. ಒಂದು ಕೈ ನನ್ನ ಪೆಟಿಗ್ಯಾಗ ಐತಿ. ಇನ್ನೊಂದು ನಿನ್ನ ಮಗನ ಉಡದಾರದಾಗ ಐತಿ. ನಾ ಯಾರ ಹೆಸರು ಹೇಳ್ಲಿ?"

ಒಂಬತ್ತು ವರ್ಷ ಅವರ ಸ್ಟಿಯರಿಂಗು ಹಿಡಿದವನ ಹೆಸರು ಹೇಳಲು ಅವರಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ.

ಆ ಕೀಲಿ ಮಾಡುವಾಗ ನಾನೂ ಅಲ್ಲೇ ಇದ್ದೆ. ಸರಪಳಿ ಹಾಕಿದರೆ ಕಡಿಯುತ್ತಾರೆ, ಗಾಲಿ ಕಟ್ಟಿದರೆ ಬಿಚ್ಚುತ್ತಾರೆ ಎಂದು ನೀವು ತಲೆ ಕೆಡಿಸಿಕೊಂಡು ಕೂತಿದ್ದಿರಿ. ನಾನು ಬಳೆಯೊಳಗೆ ಕೈ ತೂರಿಸಿ ಮುಷ್ಟಿ ಬಿಗಿದು, "ಈಗ ಕೊಂಡಿ ಹೆಂಗ ಸಿಗಸ್ತೀರಿ ಸಿಗಸರಿ" ಎಂದೆ. ನೀವು ಊಟ ಬಿಟ್ಟು ಎದ್ದಿರಿ. ಬಳೆಯ ತೂತನ್ನೇ ಕಬ್ಬಿಣದ ಮುಷ್ಟಿಯಿಂದ ತುಂಬಿಬಿಟ್ಟರೆ ಯಾರೂ ಏನನ್ನೂ ಸಿಕ್ಕಿಸಲಾರರು ಎಂದು ಮಣ್ಣಿನಲ್ಲಿ ಅಚ್ಚು ಮಾಡಿ ತೋರಿಸಿದಿರಿ. ಅದಕ್ಕಾಗಿ ಹೇಳುತ್ತೇನೆ, ಆ ಕೀಲಿಯ ವಿಷಯ ನನಗೆ ಗೊತ್ತಿರುವಷ್ಟು ಶೆಟ್ಟೆಪ್ಪನವರಿಗೆ ಗೊತ್ತಿಲ್ಲ.

ಫೌಜದಾರರು ನಿಮ್ಮನ್ನು ಕೇಳಲು ಹುಕ್ಕೇರಿಗೆ ಬರುತ್ತಾರಂತೆ. ಹೇಳಬೇಕಾದ್ದನ್ನು ಹೇಳಿರಿ. ಅದು ಏನೆಂದು ನಾನು ಬರೆಯಬೇಕಿಲ್ಲ.

ನಿಮ್ಮ
ರಾಜಮತಿ


ಹುಕ್ಕೇರಿ
೧೭ ಫೆಬ್ರುವರಿ ೧೯೩೮

ಸೌ. ರಾಜಮತಿಗೆ ವರ್ಧಮಾನನ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಈ ದಿನಗಳಲ್ಲಿ ನೀನು ಇಷ್ಟು ಉದ್ದ ಬರೆಯುತ್ತ ಕೂಡುವುದು ಒಳ್ಳೆಯದಲ್ಲ.

ಫೌಜದಾರರು ಸೋಮವಾರ ಬಂದಿದ್ದರು. ಅದೇ ಕೀಲಿಯನ್ನು ತಂದಿದ್ದರು. "ಕೀಲಿಕೈ ಇಲ್ಲದ ಇದನ್ನ ತಗಿಯಾಕ ಬರತೈತೇನು?" ಎಂದು ಕೇಳಿದರು. "ಬರಂಗಿಲ್ರಿ" ಎಂದೆ. ಅವರು ನಂಬಲಿಲ್ಲ. ಅಡಿಗಲ್ಲಿನ ಮೇಲೆ ಇಟ್ಟು ತಮ್ಮ ಪೇದೆಯ ಕೈಯಿಂದ ಸುತ್ತಿಗೆ ಹಾಕಿಸಿದರು, ಮೊಳೆ ತೂರಿಸಿ ತಿರುವಿಸಿದರು. ಅದು ಜಗ್ಗಲಿಲ್ಲ. "ಈ ಕೀಲಿ ಜೋಡಿ ಎಷ್ಟು ಕೈ ಕೊಟ್ಟಿದ್ರಿ?" ಎಂದರು. "ಎರಡು ರಿ. ಒಂದು ಮಾಲಕರಿಗೆ, ಒಂದು ಗಾಡಿ ನಡಸಾವಗ" ಎಂದೆ. ಬರೆದುಕೊಂಡರು. ಸಹಿ ಮಾಡಿದೆ. ಕೇಳಿದ್ದಕ್ಕೆಲ್ಲ ಖರೆ ಹೇಳಿದ್ದೇನೆ. ಕೇಳದ್ದನ್ನು ಹೇಳುವ ರೂಢಿ ನನಗಿಲ್ಲ.

ಸುತ್ತಿಗೆ ಏಟಿಗೂ ಬಾಯಿ ಬಿಡದ ಕೀಲಿ ಎಂದು ಪೇಟೆಯಲ್ಲಿ ಮಾತಾಗಿದೆ. ಸಂಕೇಶ್ವರದಿಂದ ಇಬ್ಬರು ಬಂದು ತಮಗೂ ಕೀಲಿ ಬೇಕೆಂದು ಹೇಳಿಟ್ಟು ಹೋದರು.

ನಿನ್ನ ಅಣ್ಣ ಬಾಪುಸಾಹೇಬನ ವಿಷಯದಲ್ಲಿ ನಾನು ಹೆಚ್ಚು ಬರೆಯುವುದಿಲ್ಲ. ಕೀಲಿಕೈಯನ್ನು ಚಹಾದಂಗಡಿಯ ಗೂಟಕ್ಕೆ ತೂಗಿಬಿಟ್ಟು ಎಲೆ ಹಾಕಿಕೊಳ್ಳುತ್ತ ಕೂತದ್ದನ್ನು ನಾನೇ ಒಮ್ಮೆ ಕಂಡಿದ್ದೇನೆ. ಅವನು ಕದ್ದನೆಂದು ನಾನು ಅನ್ನಲಾರೆ. ಹಾಗೆಯೇ ಅವನ ಪರವಾಗಿ ಆಣೆ ಮಾಡಲಾರೆ.

ಅತ್ತೆಯವರಿಗೆ ನಮಸ್ಕಾರ ತಿಳಿಸು. ಹೊರಸಿನಿಂದ ಇಳಿಯುವಾಗ ಜೋಪಾನ.

ವರ್ಧಮಾನ


ಮೂಡಲಗಿ
೨೪ ಫೆಬ್ರುವರಿ ೧೯೩೮

ನಿಮ್ಮ ಕಾಗದವನ್ನು ಅವ್ವನಿಗೆ ಓದಿ ಹೇಳುತ್ತ ಕೂತಿದ್ದೆ. "ಕೇಳಿದ್ದಕ್ಕೆಲ್ಲ ಖರೆ ಹೇಳಿದ್ದೇನೆ" ಎಂಬಲ್ಲಿಗೆ ಬಂದು ಓದುವುದನ್ನು ನಿಲ್ಲಿಸಿದೆ. ಉಳಿದದ್ದನ್ನು ನಾನೇ ಹುಟ್ಟಿಸಿ ಓದಿದೆ. ಅಳಿಯಂದಿರು ಅಣ್ಣನಿಗಾಗಿ ಓಡಾಡುತ್ತಿದ್ದಾರೆ ಎಂದು ಓದಿದೆ. ಅವಳು ಸಮಾಧಾನದಿಂದ ಎದ್ದು ರೊಟ್ಟಿ ಬಡಿಯಲು ಹೋದಳು. ಇದು ನೀವು ನನ್ನಿಂದ ಹೇಳಿಸಿದ ಮೊದಲನೆಯ ಸುಳ್ಳು.

ಬರೆಯಬೇಕಿಲ್ಲ ಎಂದುಕೊಂಡಿದ್ದನ್ನು ಈಗ ಬರೆಯುತ್ತೇನೆ. ಯಾರ ಕೈಗೆ ಬಿದ್ದರೂ ಬೀಳಲಿ.

ನಲವತ್ತು ಕೀಲಿ ಮಾಡಿ ಮಾರಿದಿರಿ. ಅವಕ್ಕೆ ನಲವತ್ತು ತರಹದ ಕೀಲಿಕೈ ಮಾಡಿದಿರೇನು? ಐದು ತರಹ ಮಾಡಿದಿರಿ. ಮೊದಲ ಐದರ ಹಲ್ಲುಗಳನ್ನು ಅರದಿಂದ ತಿಕ್ಕಿ ತಿಕ್ಕಿ ತೆಗೆಯುವಾಗ ಒಂದೊಂದಕ್ಕೆ ಅರ್ಧ ದಿನ ಹಿಡಿಯಿತು. ಗಿರಾಕಿಗಳು ಬಾಗಿಲಲ್ಲಿ ನಿಂತರು. ಆಮೇಲೆ ಆ ಐದನ್ನೇ ನೋಡಿ ನೋಡಿ ಉಳಿದವನ್ನೆಲ್ಲ ಕೊರೆದಿರಿ, ಒಂದೊಂದು ತರಹಕ್ಕೆ ಎಂಟು ಕೀಲಿ. ಎಣ್ಣೆ ಹಚ್ಚಿ ಒರೆಸಿ, ಒಂದರಲ್ಲೊಂದು ಬೆರೆಯಬಾರದೆಂದು ಕೆಂಪು, ಹಳದಿ, ಹಸಿರು, ಬಿಳಿ, ಕರಿ ದಾರ ಕಟ್ಟಿದವಳು ನಾನು. ಅಂದೇ ಕೇಳಿದ್ದೆ: "ಕೆಂಪ ದಾರದ್ದು ಎಂಟೂ ಒಂದ ಆದುವಲ್ಲರಿ. ಒಬ್ಬರ ಕೈ ಇನ್ನೊಬ್ಬರ ಕೀಲಿಗಿ ಹತ್ತಂಗಿಲ್ಲೇನು?" ನೀವು ತಲೆ ಎತ್ತದೆ ಹೇಳಿದಿರಿ: "ಎಂಟ ಮಂದಿ ಒಂದ ಕಡೆ ಕೂಡಿ ಕೀಲಿಕೈ ಹಚ್ಚಿ ನೋಡ್ತಾರೇನು? ಯಾರಿಗಿ ಗೊತ್ತಾಗತೈತಿ?"

ಯಾರಿಗೋ ಗೊತ್ತಾಗಿದೆ. ಶೆಟ್ಟೆಪ್ಪನವರದು ಕೆಂಪು ದಾರದ್ದು. ಮೂಡಲಗಿಯಲ್ಲಿಯೇ ಕೆಂಪು ದಾರದವರು ಇನ್ನೂ ಇಬ್ಬರಿದ್ದಾರೆ. ಶೆಟ್ಟೆಪ್ಪನವರ ಪೆಟ್ಟಿಗೆಯಲ್ಲಿದ್ದ ಕೈ, ಅಣ್ಣನ ಉಡದಾರದಲ್ಲಿದ್ದ ಕೈ ಬಿಟ್ಟು ಇನ್ನೂ ಹದಿನಾಲ್ಕು ಕೈ ಆ ಕೀಲಿಯನ್ನು ತೆಗೆಯುತ್ತಿದ್ದವು. ಫೌಜದಾರರು ಎಷ್ಟು ಕೈ ಎಂದು ಕೇಳಿದಾಗ ನಿಮಗೆ ಇದು ನೆನಪಾಗಲಿಲ್ಲವೇ? ನೆನಪಾಗಿಯೇ ಎರಡು ಎಂದಿರಿ.

ಅಣ್ಣನಿಗೆ ಜಾಮೀನು ಸಿಕ್ಕುತ್ತಿತ್ತು. ನಿಲ್ಲುವವರಿಲ್ಲ. "ಮನಿ ಅಳಿಯಾನ ಹಂಗ ಬರದ ಕೊಟ್ಟಮ್ಯಾಲ ನಾವು ಹೆಂಗ ನಿಲ್ಲೂದು?" ಎನ್ನುತ್ತಾರೆ. ನೀವು ಫೌಜದಾರರ ಹತ್ತಿರ ಹೋಗಿ ಉಳಿದದ್ದನ್ನೂ ಹೇಳಬೇಕು. ನಾಳೆಯೇ.

ರಾಜಮತಿ


ಹುಕ್ಕೇರಿ
೮ ಮಾರ್ಚ್ ೧೯೩೮

ರಾಜಮತಿಗೆ,

ನಿನ್ನ ಕಾಗದವನ್ನು ಓದಿದ ಮೇಲೆ ಕುಲುಮೆಗೆ ಹಾಕಿದೆ. ಇಂಥ ಮಾತನ್ನು ಟಪಾಲಿನಲ್ಲಿ ಬರೆದು ಕಳಿಸುವಷ್ಟು ತಿಳಿಗೇಡಿ ನೀನು ಎಂದುಕೊಂಡಿರಲಿಲ್ಲ.

ನಾಳೆಯೇ ಹೋಗಿ ಹೇಳಬೇಕಂತೆ. ಹೇಳಿದ ಮರುದಿನ ಏನಾಗುತ್ತದೆಂದು ಯೋಚಿಸಿದ್ದೀಯಾ? ಗೋಕಾಕ, ಹುಕ್ಕೇರಿ, ಸಂಕೇಶ್ವರ, ಚಿಕ್ಕೋಡಿ, ಎಲ್ಲ ಕಡೆ ನಲವತ್ತು ಗಾಡಿಗಳು ನನ್ನ ಕೀಲಿ ನಂಬಿ ಹಾದಿಬದಿಗೆ ನಿಲ್ಲುತ್ತವೆ. ಎಂಟು ಮಂದಿಗೆ ಒಂದೇ ಕೈ ಎಂದು ಬಾಯಿ ಬಿಟ್ಟರೆ ನಲವತ್ತು ಗಾಡಿಯನ್ನೂ ಕಳ್ಳರ ಕೈಗೆ ನಾನೇ ಕೊಟ್ಟಂತೆ. ಒಬ್ಬನನ್ನು ಬಿಡಿಸಲು ನಲವತ್ತು ಮಂದಿಯನ್ನು ಸುಲಿಸಲೇ? ಆಮೇಲೆ ವರ್ಧಮಾನನ ಕೀಲಿ ಎಂದರೆ ಕೂಸುಗಳೂ ನಗುತ್ತವೆ. ಹುಟ್ಟುವ ನಿನ್ನ ಕೂಸಿಗೆ ಏನು ತಿನ್ನಿಸಲಿ, ತುಕ್ಕು ಹಿಡಿದ ಅರವನ್ನೇ?

ನಿನ್ನ ಅಣ್ಣನ ಮೇಲೆ ನೀನು ಇಷ್ಟು ಜೀವ ಇಟ್ಟಿದ್ದೀಯಲ್ಲ, ಅವನು ನಮ್ಮ ಮದುವೆಯಲ್ಲಿ ಪಂಕ್ತಿಯ ನಡುವೆ ನಿಂತು ಹೇಳಿದ್ದನ್ನು ಮರೆತೆಯಾ? "ಹೊಲ ಇದ್ದವಗ ಕೊಡೂ ಬದ್ಲಿ ನಮ್ಮ ರಾಜೂನ ಇದ್ದಲಿ ಮಸಿ ಒಳಗ ದೂಡಿದ್ರಿ." ನಾನು ಅನ್ನದ ಮುಂದೆ ಕೂತಿದ್ದೆ. ತಲೆ ತಗ್ಗಿಸಿ ಉಂಡೆ. ಈಗ ಅದೇ ಮಸಿಯವನು ಬಂದು ಕಾಪಾಡಬೇಕು.

ಅವನು ಕದ್ದಿಲ್ಲವಾದರೆ ಬಿಡುತ್ತಾರೆ. ಕಾಯಿದೆ ಕಾನೂನು ಇದೆ. ಇನ್ನು ಈ ಮಾತು ಬರೆಯಬೇಡ.

ವರ್ಧಮಾನ


ಮೂಡಲಗಿ
೨೧ ಮಾರ್ಚ್ ೧೯೩೮

ಹುಕ್ಕೇರಿಯವರಿಗೆ,

ಶನಿವಾರ, ಹನ್ನೆರಡನೆಯ ತಾರೀಖು ಬೆಳಿಗ್ಗೆ ಹೆಣ್ಣು ಹುಟ್ಟಿತು. ಇಬ್ಬರೂ ಉಳಿದಿದ್ದೇವೆ. ಮೂರು ದಿನ ಕಷ್ಟವಾಯಿತು. ಸೂಲಗಿತ್ತಿ ದುಂಡವ್ವ ಗಾಡಿ ಮಾಡಿಕೊಂಡು ಗೋಕಾಕಿಗೆ ಒಯ್ಯಿರಿ ಎಂದಾಗ ಗಾಡಿ ಹೂಡುವ ಗಂಡಸು ಮನೆಯಲ್ಲಿರಲಿಲ್ಲ. ಅವ್ವ ಬಾಜೂ ಮನೆಗಳ ಬಾಗಿಲು ಬಡಿದಳು. ಕಳ್ಳನ ಮನೆಗೆ ಎತ್ತು ಕೊಡಲು ಹಿಂದೆಮುಂದೆ ನೋಡಿದರು. ಅಷ್ಟರಲ್ಲಿ ಕೂಸು ತಾನೇ ಬಂದಿತು.

ನಿಮ್ಮ ಕಾಗದಕ್ಕೆ ಉತ್ತರ ಬರೆಯಬೇಕಾಗಿದೆ.

ಮದುವೆಯಲ್ಲಿ ಅಣ್ಣ ಆಡಿದ ಮಾತು ಕೆಟ್ಟದ್ದು. ಆಮೇಲೆ ನಾನು ಅವನೊಡನೆ ಆರು ತಿಂಗಳು ಮಾತಾಡಲಿಲ್ಲ. ನಿಮಗೆ ಅದು ಗೊತ್ತಿತ್ತು. ಅವನು ಆಡಿದ ಒಂದು ಮಾತಿಗೆ ನೀವು ಆಡದ ಒಂದು ಮಾತಿನಿಂದ ಸೇಡು ತೀರಿಸುತ್ತಿದ್ದೀರಿ, ಅದಕ್ಕೆ ನಲವತ್ತು ಗಾಡಿಗಳ ಹೆಸರು ಕೊಡುತ್ತಿದ್ದೀರಿ. ನಲವತ್ತು ಮಂದಿಯ ಮೇಲೆ ಅಷ್ಟು ಮಮತೆ ಇದ್ದರೆ ಒಬ್ಬೊಬ್ಬರ ಮನೆಗೆ ಹೋಗಿ ಸದ್ದಿಲ್ಲದೆ ಕೀಲಿ ಬದಲಿಸಿ ಕೊಡಬಹುದಿತ್ತು. ಒಂದನ್ನಾದರೂ ಬದಲಿಸಿದಿರಾ? ಸಂಕೇಶ್ವರದವರಿಗೆ ಹೊಸದಾಗಿ ಮಾಡುತ್ತಿರುವ ಕೀಲಿಗಳ ಕೈಗೆ ಯಾವ ಬಣ್ಣದ ದಾರ ಕಟ್ಟಿದ್ದೀರಿ? ಇದಕ್ಕೊಂದು ಉತ್ತರ ಬರೆಯಿರಿ.

ಕೂಸು ಕಪ್ಪಗಿದೆ. ತಲೆ ತುಂಬ ಕೂದಲಿದೆ.

ರಾಜಮತಿ


ಹುಕ್ಕೇರಿ
೨ ಏಪ್ರಿಲ್ ೧೯೩೮

ಸೌ. ರಾಜಮತಿಗೆ ಅನೇಕ ಆಶೀರ್ವಾದಗಳು.

ಸುದ್ದಿ ಓದಿ ಆದ ಸಂತೋಷ ಬರೆಯಲು ಬರುವುದಿಲ್ಲ. ಓಣಿಗೆಲ್ಲ ಸಕ್ಕರೆ ಹಂಚಿದೆ. ಹೊರಡಬೇಕೆಂದು ಎರಡು ಸಲ ಬಟ್ಟೆ ಕಟ್ಟಿದೆ, ಕೆಲಸ ಬಿಡಲಿಲ್ಲ.

ತೊಟ್ಟಿಲಿಗೆ ನಾಲ್ಕು ಸರಪಳಿ ಮಾಡಿ ಮೋಟಾರಿನಲ್ಲಿ ಕಳಿಸಿದ್ದೇನೆ. ಒಂದೊಂದು ಕೊಂಡಿಯನ್ನೂ ತಿಕ್ಕಿ ನುಣುಪು ಮಾಡಿದ್ದೇನೆ, ಕೂಸಿನ ಕೈಗೆ ಚುಚ್ಚಲಾರದು. ಎಣ್ಣೆ ನೀರು ಸರಿಯಾಗಿ ಮಾಡಿಸಿಕೋ. ನಲವತ್ತು ದಿನ ಹೊರಗೆ ಗಾಳಿಗೆ ಹೋಗಬೇಡ.

ಕೂಸಿಗೆ ಯಾರ ಮುಖ ಬಂದಿದೆ, ಬರೆಯಬೇಕು.

ನಿನ್ನ
ವರ್ಧಮಾನ


ಮೂಡಲಗಿ
೧೪ ಏಪ್ರಿಲ್ ೧೯೩೮

ಸರಪಳಿ ಮರಳಿ ಕಳಿಸಿದ್ದೇನೆ. ತೊಟ್ಟಿಲನ್ನು ಹಗ್ಗದಿಂದ ಕಟ್ಟಿದ್ದೇವೆ, ಚೆನ್ನಾಗಿಯೇ ತೂಗುತ್ತದೆ. ಕೇಳಿದ್ದಕ್ಕೆ ಉತ್ತರ ಬರೆಯದೆ ಕೂಸಿನ ಮುಖ ಕೇಳುತ್ತೀರಿ.

ಇನ್ನೊಬ್ಬರು ಹೇಳುವ ಮೊದಲು ನಾನೇ ಬರೆಯುತ್ತೇನೆ. ನಿನ್ನೆ ನಾನು ಶೆಟ್ಟೆಪ್ಪನವರ ಹತ್ತಿ ಬಿಡಿಸುವ ಜಿನ್ನಿಗೆ ಹೋಗಿದ್ದೆ. ತಿಂಗಳ ಬಾಣಂತಿ ಹೊಸ್ತಿಲು ದಾಟಬಾರದೆಂದು ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಅಣ್ಣ ಚೌಕಿ ಹೊಸ್ತಿಲ ದಾಟಿ ಎರಡ ತಿಂಗಳಾತಬೇ" ಎಂದೆ. ಆಮೇಲೆ ಅವಳೇ ಕೂಸಿಗೆ ಕುಂಚಿಗೆ ಕಟ್ಟಿ, ನನ್ನ ಕಿವಿಗೆ ಅರಿವೆ ಸುತ್ತಿ, ಜೊತೆಗೆ ಬಂದಳು.

ಅಂಗಳದಲ್ಲಿ ಹತ್ತಿ ತೂಗುತ್ತಿದ್ದರು. ಇಪ್ಪತ್ತು ಮಂದಿಯಾದರೂ ಇದ್ದರು. ಕೆಂಪು ದಾರದ ಇನ್ನೊಬ್ಬ ಮಾಲಕರಾದ ಮುರಿಗೆಪ್ಪನವರ ಹಿಂಗಾಡಿಯೂ ಅಲ್ಲೇ ನಿಂತಿತ್ತು, ಮೂತಿಗೆ ನಿಮ್ಮ ಕೀಲಿ ಹಾಕಿತ್ತು. ಅದರ ಕೈ ಇಟ್ಟುಕೊಳ್ಳುವವನು ಮುರಿಗೆಪ್ಪನವರ ಗಾಡಿಗಳನ್ನು ನೋಡಿಕೊಳ್ಳುವ ಪರಪ್ಪ. ಅವನು ಗಾಲಿಗೆ ಒರಗಿ ಕೂತಿದ್ದ.

ನಾನು ಶೆಟ್ಟೆಪ್ಪನವರ ಮುಂದೆ ನಿಂತು ಹೇಳಿದೆ: "ಕಾಕಾ, ನಿಮ್ಮ ಪೆಟಿಗ್ಯಾಗಿನ ಕೀಲಿಕೈ ತರಸರಿ."

"ಯಾಕವಾ? ಬಾಣಂತಿ ಹೆಣ್ಣಮಗಳು, ಮನಿಗಿ ಹೋಗು."

"ತರಸರಿ. ಅದನ್ನ ಮುರಿಗೆಪ್ಪಕಾಕಾರ ಕೀಲಿಗಿ ಹಚ್ಚಿ ನೋಡ್ರಿ. ಹತ್ತಲಿಲ್ಲಂದ್ರ ಹೋಗ್ತೇನಿ."

ಅವರು ನಕ್ಕರು. ಮುರಿಗೆಪ್ಪನವರು ನಗಲಿಲ್ಲ. "ತರಸೋ ಮಾರಾಯ, ನೋಡೂಣು" ಎಂದರು. ಪರಪ್ಪ ಎದ್ದು ಹಿಂಗಾಡಿಯ ಮೂತಿಗೆ ಅಡ್ಡ ಬಂದ. "ಬ್ಯಾಡ್ರಿ ಧಣಿ, ಬ್ಯಾರೆ ಕೈ ಹಾಕಿದ್ರ ಕೀಲಿ ಕೆಡತೈತಿ" ಎಂದ. ಮುರಿಗೆಪ್ಪನವರು ಅವನನ್ನು ಸರಿ ಎಂದರು.

ಶೆಟ್ಟೆಪ್ಪನವರು ತಮ್ಮ ಕೈಯಿಂದಲೇ ತಿರುವಿದರು. ಕೀಲಿ ಬಾಯಿ ತೆರೆದು ಅವರ ಅಂಗೈಯಲ್ಲಿ ಬಿತ್ತು.

ತಕ್ಕಡಿ ಹಿಡಿದವನು ಹಿಡಿದುಕೊಂಡೇ ನಿಂತ. ಮುರಿಗೆಪ್ಪನವರು ನನ್ನತ್ತ ತಿರುಗಿ ಕೇಳಿದರು: "ನನ್ನ ಕೀಲಿ ಇನ್ನ ಎಷ್ಟ ಮಂದಿ ತಗೀಬಹುದು?"

"ನಿಮ್ಮನ್ನ ಹಿಡದ ಎಂಟ ಮಾಲಕರು, ಎಂಟ ಗಾಡಿಯವರು" ಎಂದೆ. "ಎಂಟಕ್ಕೂ ಕೆಂಪ ದಾರ ಕಟ್ಟಿದಾಕಿ ನಾನ. ಗೊತ್ತಿದ್ದೂ ಸುಮ್ಮನಿದ್ನಿ. ಅದು ನನ್ನ ತಪ್ಪು."

ಆಮೇಲೆ ಬಂದ ಮಾತುಗಳನ್ನು ಬರೆಯುವುದಿಲ್ಲ. ಮೋಸಗಾರ ಎಂದರು, ನಿಮ್ಮನ್ನು. ಅಲ್ಲವೆನ್ನಲು ನನ್ನಿಂದಾಗಲಿಲ್ಲ. ಅವ್ವನ ಕಣ್ಣಲ್ಲಿ ನೀರು ಬಂತು. ನನಗೆ ಬರಲಿಲ್ಲ. ಸಿಟ್ಟಿಗೆ ನನ್ನ ಹಾಲು ಬತ್ತುತ್ತದೆಂದು ದುಂಡವ್ವ ಹೇಳುತ್ತಾಳೆ. ಬತ್ತಿಲ್ಲ.

ಶೆಟ್ಟೆಪ್ಪನವರು ಮಾತ್ರ ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡು ಹೇಳಿದರು: "ಒಂದ ಹತ್ತಿದ್ರ ಹತ್ತೀತು, ಸವದಿರಬೇಕು. ಅಣ್ಣನ ಸಲವಾಗಿ ತಂಗಿ ಹೇಳಿದ್ದು ಕೋರ್ಟಿನ್ಯಾಗ ನಡಿಯಂಗಿಲ್ಲ. ಕೀಲಿ ಮಾಡಿದವ ಬಂದು ಹೇಳ್ಲಿ. ನಾ ಖಟ್ಲೆ ಹಿಂದಕ ತಗೋತೇನಿ."

ಕೇಳಿದಿರಲ್ಲ. ಊರ ಮುಂದೆ ನಿಮ್ಮ ಮಾನವನ್ನು ನಾನು ಕಳೆದಾಯಿತು. ಬಚ್ಚಿಡಲು ನಿಮ್ಮ ಹತ್ತಿರ ಈಗ ಏನೂ ಉಳಿದಿಲ್ಲ. ಇನ್ನೂ ನೀವು ಬಾರದಿದ್ದರೆ ಅದು ಕೀಲಿಗಾಗಿ ಅಲ್ಲ, ಅಣ್ಣನ ಮೇಲಿನ ಹಗೆಗಾಗಿ ಎಂದು ತಿಳಿಯುತ್ತೇನೆ. ಹಾಗೆ ತಿಳಿದ ಮೇಲೆ ಹುಕ್ಕೇರಿಗೆ ನಾನು ಕಾಲಿಡುವುದಿಲ್ಲ. ಮೇ ಎರಡಕ್ಕೆ ವಿಚಾರಣೆ.

ರಾಜಮತಿ


ಹುಕ್ಕೇರಿ
೬ ಮೇ ೧೯೩೮

ರಾಜಮತಿಗೆ,

ಮೂರು ವಾರ ನಿನಗೆ ಬರೆಯಲಿಲ್ಲ. ಬರೆದಿದ್ದರೆ ಬೈಗಳನ್ನೇ ಬರೆಯುತ್ತಿದ್ದೆ. ಹೆಂಡತಿಯಾಗಿ ಇಪ್ಪತ್ತು ಮಂದಿಯ ಮುಂದೆ ಗಂಡನ ಹೊಟ್ಟೆಪಾಡನ್ನು ಬಿಚ್ಚಿ ಇಟ್ಟೆ. ಆ ಸಿಟ್ಟು ನನಗೆ ಇನ್ನೂ ಇದೆ. ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ.

ಜಿನ್ನಿನ ಸುದ್ದಿ ಇಲ್ಲಿಗೆ ಬರಲು ಹತ್ತು ದಿನ ಹಿಡಿಯಿತು. ಅದಕ್ಕೂ ಮುಂಚೆ ಚಿಕ್ಕೋಡಿಯ ಒಬ್ಬ ವ್ಯಾಪಾರಿ ಬಂದ. ಒಮ್ಮೆಗೇ ಹತ್ತು ಕೀಲಿ ಬೇಕೆಂದ. ಕೂತು ಚಹಾ ಕುಡಿಯುತ್ತ ಹೇಳಿದ: "ನಿಮ್ಮ ಕೀಲಿ ತನ್ನ ಕಳ್ಳನ್ನ ತಾನ ಹಿಡದ ಕೊಟ್ಟತಂತಲ್ರಿ. ಹತ್ತರ ಮ್ಯಾಲೂ ಅದನ್ನ ಕೆತ್ತಿ ಕೊಡ್ರಿ. 'ಕಳ್ಳನ್ನ ಹಿಡಿದ ಕೀಲಿ' ಅಂತ. ಓದಿದವ ಹತ್ತರ ಬರಂಗಿಲ್ಲ." ಒಳ್ಳೆಯ ಮಾತೆಂದು ನಕ್ಕ. ನಾನೂ ನಕ್ಕೆ. ನಕ್ಕದ್ದು ನನ್ನ ಕಿವಿಗೇ ಕೇಳಿಸಿತು. ಅವನು ಹೋದ ಮೇಲೆ ಉಳಿ ಹಿಡಿದೆ. 'ಕ' ಅಕ್ಷರ ಅರ್ಧ ಕೆತ್ತಿದ ಮೇಲೆ ಕೈ ಮುಂದೆ ಹೋಗಲಿಲ್ಲ. ಎರಡು ದಿನ ಅದು ಹಾಗೆಯೇ ಬಿದ್ದಿತ್ತು. ನೀನು ಕೇಳಿದ್ದೆಯಲ್ಲ, ಸಂಕೇಶ್ವರದವರ ಕೈಗೆ ಯಾವ ದಾರ ಎಂದು. ಹಸಿರು.

ಎರಡನೆಯ ತಾರೀಖು ಗೋಕಾಕಿಗೆ ಹೋದೆ. ಯಾರೂ ಕರೆಯದೆಯೇ ಹೋಗಿ ನಿಂತೆ. ಮ್ಯಾಜಿಸ್ಟ್ರೇಟ್ ಸಾಹೇಬರು ಕೇಳಿದರು: "ಮೊದಲೇ ಯಾಕೆ ಹೇಳಲಿಲ್ಲ?" ಯಾರೂ ಕೇಳಲಿಲ್ಲ ಎನ್ನಬೇಕೆಂದು ಹಾದಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಅವರ ಮುಂದೆ ಬೇರೆಯೇ ಬಂತು. "ಹೇಳಿದ್ರ ನನ್ನ ಕೀಲಿ ಯಾರೂ ತಗೊಳ್ಳಂಗಿಲ್ಲಂತ ಹೇಳಲಿಲ್ರಿ" ಎಂದೆ. ಹಿಂದೆ ಕೂತವರು ನಕ್ಕರು. ಸುಳ್ಳು ಬರೆದುಕೊಟ್ಟದ್ದಕ್ಕೆ ನನ್ನ ಮೇಲೆಯೇ ಖಟ್ಲೆ ಹಾಕಬಹುದೆಂದು ಸಾಹೇಬರು ಗದರಿದರು. ಆಗಲಿ ಎಂದೆ. ಐದು ಬಣ್ಣದವರ ನಲವತ್ತು ಹೆಸರನ್ನೂ ನೆನಪಿನಿಂದ ಬರೆದುಕೊಟ್ಟೆ. ಕೆಂಪು ದಾರದ ಎಂಟನ್ನು ಮೇಲೆ ಬರೆದೆ.

ಬಾಪುಸಾಹೇಬನನ್ನು ಅಂದೇ ಜಾಮೀನಿನ ಮೇಲೆ ಬಿಟ್ಟರು. ಜಾಮೀನಿಗೆ ನಾನು ನಿಂತೆ. ಅವನು ಬಹಳ ಇಳಿದಿದ್ದಾನೆ. ಗಡ್ಡ ಬೆಳೆದಿತ್ತು. ಬಾಗಿಲ ಹೊರಗೆ ಇಬ್ಬರೇ ಎದುರೆದುರು ನಿಂತೆವು. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. ಅವನು ಕೇಳಿದ್ದು ಒಂದೇ: "ರಾಜು ತಿಂಗಳ ಕೂಸಿನ್ನ ತಗೊಂಡು ಜಿನ್ನಿಗಿ ಹೋಗಿದ್ಲಂತ. ಖರೇನು?"

"ಖರೆ" ಎಂದೆ.

ಅವನು ಮೂಡಲಗಿಯ ಹಾದಿ ಹಿಡಿದು ನಡೆದೇ ಹೋದ. ನಾನು ಮೋಟಾರಿನಲ್ಲಿ ಹುಕ್ಕೇರಿಗೆ ಬಂದೆ.

ಈಗ ದಿನಾಲು ಒಬ್ಬರಾದರೂ ಬಂದು ಕೀಲಿಯನ್ನು ನನ್ನ ಕಟ್ಟೆಯ ಮೇಲೆ ಎಸೆದು ಬೈದು ಹೋಗುತ್ತಾರೆ. ಎಸೆದದ್ದನ್ನು ಎತ್ತಿಕೊಂಡು ಹೊಸ ಹಲ್ಲು ಕೊರೆಯುತ್ತೇನೆ, ಒಂದರಂತೆ ಇನ್ನೊಂದಿಲ್ಲ. ಒಯ್ದು ಅವರ ಮನೆಗೆ ಕೊಟ್ಟು ಬರುತ್ತೇನೆ. ಕೆಲವರು ತೆಗೆದುಕೊಳ್ಳುತ್ತಾರೆ, ಕೆಲವರು ಬಾಗಿಲು ಹಾಕುತ್ತಾರೆ. ಹದಿನಾರು ಆಗಿವೆ. ಚಿಕ್ಕೋಡಿಯವನಿಗೆ ಇಲ್ಲವೆಂದು ಹೇಳಿ ಕಳಿಸಿದೆ.

ನೀನು ಹೇಳಿದ್ದನ್ನು ಮಾಡಿದ್ದೇನೆ. ಯಾವಾಗ ಬರುತ್ತೀ ಬರೆ. ಗಾಡಿ ಕಳಿಸುತ್ತೇನೆ.

ವರ್ಧಮಾನ


ಮೂಡಲಗಿ
೨೯ ಮೇ ೧೯೩೮

ಹುಕ್ಕೇರಿಯವರಿಗೆ ರಾಜಮತಿಯ ನಮಸ್ಕಾರ.

ನಿಮ್ಮ ಪಟ್ಟಿ ಹಿಡಿದುಕೊಂಡು ಫೌಜದಾರರು ಕೆಂಪು ದಾರದವರ ಮನೆಗಳಿಗೆ ಹೋದರು. ಪರಪ್ಪನದು ನಾಗನೂರ ಹತ್ತಿರ ತುಂಡು ಹೊಲ. ಅಲ್ಲಿಯ ಬಣವೆಯ ಬುಡದಲ್ಲಿ ಎರಡು ಅಂಡಿಗೆ ಉಳಿದಿದ್ದವು, ಶೆಟ್ಟೆಪ್ಪನವರ ಗುರುತಿನ ಸಮೇತ. ಜಿನ್ನಿನಲ್ಲಿ ನಾನು ಕೀಲಿ ತೆಗೆಸಿದ ಮೇಲೆ ಅಂಜಿ ಅವನ್ನು ಸಾಗಿಸಿರಲಿಲ್ಲ. ಹೋದ ದೀಪಾವಳಿಯ ಹೊತ್ತಿಗೆ ಎರಡು ಹಿಂಗಾಡಿ ಅಕ್ಕಪಕ್ಕ ನಿಂತಾಗ ತಪ್ಪಿ ಶೆಟ್ಟೆಪ್ಪನವರ ಕೀಲಿಗೆ ತನ್ನ ಕೈ ಹಾಕಿದ್ದನಂತೆ. ತೆರೆಯಿತಂತೆ. ಮೂರು ತಿಂಗಳು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ತಿರುಗಿದನಂತೆ. ಅವನು ಕದ್ದದ್ದು ನಿಮ್ಮಿಂದ ಎಂದು ನಾನು ಹೇಳುವುದಿಲ್ಲ. ಹಾಗೆ ತಪ್ಪಿ ಹಾಕಿದ ದಿನ ಅದು ತೆರೆಯದಿದ್ದರೆ ಅವನು ಇಂದಿಗೂ ಮುರಿಗೆಪ್ಪನವರ ಗಾಡಿ ನೋಡಿಕೊಂಡು ಇರುತ್ತಿದ್ದ ಎಂಬುದನ್ನು ಮಾತ್ರ ಹೇಳುತ್ತೇನೆ.

ಅಣ್ಣನ ಮೇಲಿನ ಖಟ್ಲೆ ತೆಗೆದುಹಾಕಿದರು. ಮರುದಿನ ಶೆಟ್ಟೆಪ್ಪನವರು ಲಾರಿಯ ಕೀಲಿಕೈ ಹಿಡಿದುಕೊಂಡು ಅಂಗಳಕ್ಕೆ ಬಂದರು. ಫೆಬ್ರುವರಿಯಲ್ಲಿ ನಿಂತ ಜಾಗದಲ್ಲಿಯೇ ನಿಂತರು. "ಆದದ್ದಾತು ಬಾಪು. ನಾಳಿಂದ ಬಾ" ಎಂದರು. ಅಣ್ಣ ಜೋಳ ಹಸನು ಮಾಡುತ್ತ ಕೂತಿದ್ದ. ತಲೆ ಎತ್ತಲಿಲ್ಲ. "ಇನ್ನ ಯಾರ ಕೀಲಿಕೈನೂ ನನ್ನ ಕೈಯಾಗ ಬ್ಯಾಡ್ರಿ" ಎಂದ. ಅವರು ಕೀಲಿಕೈ ಹಿಡಿದುಕೊಂಡೇ ಮರಳಿ ಹೋದರು. ಈಗ ಅವನು ಹೊಲಕ್ಕೆ ಹೋಗುತ್ತಾನೆ. ಲಾರಿಯ ಸದ್ದು ಕೇಳಿದರೆ ಒಳಗೆ ಎದ್ದು ಹೋಗುತ್ತಾನೆ.

ಗಾಡಿ ಕಳಿಸುತ್ತೇನೆ ಎಂದಿದ್ದೀರಿ. ಕಳಿಸಬೇಡಿ.

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಸಾಹೇಬರ ಮುಂದೆ ಹೇಳಿದ್ದನ್ನು ಓದಿದಾಗ ಇದನ್ನು ಹೇಳಲು ನಿಮಗೆ ಎಷ್ಟು ಕಷ್ಟವಾಗಿರಬೇಕೆಂದು ನನಗೆ ತಿಳಿಯಿತು. ಆದರೆ ಬಾಗಿಲ ಹೊರಗೆ ಅಣ್ಣನ ಎದುರು ನಿಂತಾಗ ನೀವು ಒಂದು ಮಾತೂ ಆಡಲಿಲ್ಲ. ಅವನು ನಡೆದು ಹೋದ, ನೀವು ಮೋಟಾರು ಹತ್ತಿದಿರಿ. ನಲವತ್ತು ಮಂದಿಯ ಬಾಗಿಲಿಗೆ ಹೊಸ ಕೀಲಿಕೈ ಒಯ್ಯುತ್ತಿದ್ದೀರಿ. ಈ ಮನೆಯ ಬಾಗಿಲಿಗೆ ಬಂದಿಲ್ಲ. ನಾನು ಹೇಳಿದ್ದನ್ನು ಮಾಡಿದ್ದೀರಿ, ಅದು ನಿಜ. ನಾನು ಹೇಳದೆ ಮಾಡುವುದು ಒಂದು ಉಳಿದಿದೆ ಎಂದು ಕಾದೆ. ಇಪ್ಪತ್ತು ದಿನ ಕಾದು ಈಗ ಅದನ್ನೂ ನಾನೇ ಹೇಳಬೇಕಾಗಿ ಬಂತಲ್ಲ, ನನ್ನ ಸಿಟ್ಟು ಅದಕ್ಕೇ ಆರಿಲ್ಲ.

ನೀವೇ ಬನ್ನಿ. ಬುಧವಾರ ಅಣ್ಣ ಮನೆಯಲ್ಲಿರುತ್ತಾನೆ. ಅವನು ಮಾತಾಡಿಸದಿದ್ದರೆ ಕೂತಿರಿ. ಎದ್ದು ಹೋದರೆ ಮರಳಿ ಬರುವವರೆಗೆ ಕೂತಿರಿ. ಅವ್ವ ಅನ್ನ ಬಡಿಸುತ್ತಾಳೆ, ಅವನ ಎದುರಿಗೇ ಬಡಿಸುತ್ತಾಳೆ.

ಕಳೆದ ವಾರ ಕೂಸಿಗೆ ಹೆಸರಿಡುವ ಶಾಸ್ತ್ರ ಮಾಡಿದೆವು. ನಿಮ್ಮ ಕಡೆಯವರು ಯಾರೂ ಇರಲಿಲ್ಲವಾಗಿ ಹೆಸರನ್ನು ಅಣ್ಣ ಇಟ್ಟ. ಕಿವಿಯಲ್ಲಿ ಮೂರು ಸಲ ಹೇಳಿದ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬಂದು ಅವನನ್ನೇ ಕೇಳಿರಿ.

ರಾಜಮತಿ